ಕಡಲ ದಡದ ಕೊಠಡಿಯೋ, ಗುಡ್ಡದ ಕೊಠಡಿಯೋ?

ಮುಳಬಾಗಿಲಿನಿಂದ ದಿನವೂ ಕೋಲಾರಕ್ಕೆ ಬಂದು ಪಾಠ ಹೇಳಿ ಹಿಂದಿರುಗುವ ಹಿರಿಯ ಸಹೋದ್ಯೋಗಿಯೊಬ್ಬರು ಕಳೆದ ಏಪ್ರಿಲ್ ತಿಂಗಳಿನಲ್ಲಿ ನನ್ನ ಮುಂದೆ ಒಂದು ಪ್ರಶ್ನೆಯನ್ನಿಟ್ಟರು. ಮೇ ತಿಂಗಳ ರಜೆಯಲ್ಲಿ ಅವರ ಸಂಸಾರವು ಮಂಗಳೂರಿಗೆ ಹೊರಟಿತ್ತು. ಹೆಂಡತಿ, ಇಬ್ಬರು ಮಕ್ಕಳು, ಶ್ರೀನಿವಾಸಪುರದಲ್ಲಿರುವ ಅಕ್ಕ, ಇವರೊಡನೆ ಎಪ್ಪತ್ತೆರಡು ವರ್ಷದ ತಂದೆ. ಇಳಿದುಕೊಳ್ಳಲು ಎರಡು ಹೋಟೆಲುಗಳನ್ನು ಗೊತ್ತುಮಾಡಿ ಇಟ್ಟಿದ್ದರು. ಒಂದು ಉಳ್ಳಾಲದ ಕಡೆ, ಸಮುದ್ರದ ದಡದಲ್ಲಿಯೇ. ಕಿಟಕಿ ತೆರೆದರೆ ಅಲೆಗಳು ಕಾಣುತ್ತವೆ. ಇನ್ನೊಂದು ಕದ್ರಿಯ ಕಡೆ, ಗುಡ್ಡದ ಮೇಲೆ. ದಡಕ್ಕೂ ಅದಕ್ಕೂ ಐದಾರು ಕಿಲೋಮೀಟರುಗಳ ದೂರ. ದಡದ ಹೋಟೆಲಿಗೆ ದಿನಕ್ಕೆ ಸಾವಿರ ರೂಪಾಯಿ ಹೆಚ್ಚು.

"ನೀವು ಭೌತಶಾಸ್ತ್ರದವರು, ಯಾವುದು ವಾಸಿ ಹೇಳಿ ಮೇಷ್ಟ್ರೇ. ಅಪ್ಪನಿಗೆ ಬಿಸಿಲು ಆಗದು. ಸಮುದ್ರದ ಪಕ್ಕದಲ್ಲಿದ್ದರೆ ತಣ್ಣಗಿರುತ್ತದಲ್ಲವೆ?" ಎಂದರು.

ಈ ಪ್ರಶ್ನೆಗೆ ಎರಡು ವರ್ಷಗಳ ಹಿಂದೆ ನಾನೇ ತಪ್ಪು ಉತ್ತರವನ್ನು ಕೊಟ್ಟುಕೊಂಡಿದ್ದೆನು. ಆದುದರಿಂದ ಅವರಿಗೆ ಒಡನೆಯೇ ಉತ್ತರ ಹೇಳದೆ, ಆ ಕಥೆಯಿಂದಲೇ ಆರಂಭಿಸಿದೆನು. ಇಲ್ಲಿಯೂ ಹಾಗೆಯೇ ಮಾಡುತ್ತೇನೆ.

ಆ ವರ್ಷವೂ ಮೇ ತಿಂಗಳು. ಹೊರಡುವ ಮುನ್ನ ನನ್ನ ತಾಯಿಯವರು ಕೋಲಾರದ ನಮ್ಮ ಮನೆಯ ಮಾಳಿಗೆಯ ಮೇಲೆ ಎರಡು ದಿನ ಸಂಡಿಗೆ ಇಟ್ಟರು. ಉಷ್ಣತೆ 36 ಡಿಗ್ರಿಗೂ ಮೇಲಿದ್ದಿತು. ಸೆರಗನ್ನು ತಲೆಗೆ ಹೊದ್ದು, ನಡುನಡುವೆ ಮಡಕೆಯ ನೀರು ಕುಡಿಯುತ್ತ, ಕೆಲಸವನ್ನು ಮುಗಿಸಿ ಸುಖವಾಗಿಯೇ ಕೆಳಗಿಳಿದು ಬಂದರು. ಮೂರನೆಯ ರಾತ್ರಿ ನಾವು ಕರಾವಳಿಯ ಒಂದು ಊರಿನಲ್ಲಿ, ಅಲೆಗಳಿಂದ ನೂರು ಹೆಜ್ಜೆಯ ದೂರದಲ್ಲಿ, ಸಮುದ್ರಕ್ಕೆ ಮುಖಮಾಡಿದ ಕೊಠಡಿಯಲ್ಲಿ ಮಲಗಿದ್ದೆವು. ಉಷ್ಣತೆ ಕೇವಲ 28 ಡಿಗ್ರಿ. ರಾತ್ರಿ ಎರಡು ಗಂಟೆಯ ಹೊತ್ತಿಗೆ ಅಮ್ಮ ಎದ್ದು ಕುಳಿತರು. ತಲೆ ಸುತ್ತು, ವಾಕರಿಕೆ, ಕಾಲಿನ ಮೀನಖಂಡಗಳಲ್ಲಿ ಸೆಳೆತ. "ಮೈಯೆಲ್ಲಾ ನೀರು ಕಣೋ, ಆದರೂ ಒಳಗೆ ಬೇಯುತ್ತಿದೆ" ಎಂದರು. ಹತ್ತಿರದ ಆಸ್ಪತ್ರೆಗೆ ಕರೆದೊಯ್ದು ದ್ರವವನ್ನು ಏರಿಸಿದ ಮೇಲೆ ಬೆಳಗಿನ ಹೊತ್ತಿಗೆ ಚೇತರಿಸಿಕೊಂಡರು. ವೈದ್ಯರು ನನ್ನನ್ನು ಕೇಳಿದ ಮೊದಲ ಪ್ರಶ್ನೆ: "ಕೊಠಡಿಯಲ್ಲಿ ಗಾಳಿ ಆಡುತ್ತಿತ್ತೇ?"

36 ಡಿಗ್ರಿಯಲ್ಲಿ ಬಿಸಿಲಿನಲ್ಲಿ ದುಡಿದ ದೇಹ 28 ಡಿಗ್ರಿಯಲ್ಲಿ ಮಲಗಿದ್ದಾಗ ಸೋತುದೇಕೆ? ಹೋಟೆಲನ್ನು ಆರಿಸುವ ವಿಚಾರವೆಲ್ಲವೂ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

ಮನುಷ್ಯನ ದೇಹವು ಒಂದು ಒಲೆ. ಸುಮ್ಮನೆ ಕುಳಿತಿದ್ದರೂ ಅದು ಸುಮಾರು 100 ವ್ಯಾಟಿನಷ್ಟು ಶಾಖವನ್ನು ಉತ್ಪತ್ತಿಮಾಡುತ್ತಲೇ ಇರುತ್ತದೆ. ಈ ಶಾಖ ಹೊರಕ್ಕೆ ಹೋಗಲೇಬೇಕು. ಸುತ್ತಣ ಗಾಳಿಯು ಚರ್ಮಕ್ಕಿಂತ ತಣ್ಣಗಿದ್ದರೆ ಒಂದು ಪಾಲು ನೇರವಾಗಿ ಗಾಳಿಗೆ ಹರಿದುಹೋಗುತ್ತದೆ. ಗಾಳಿಯ ಉಷ್ಣತೆಯು ಚರ್ಮದ ಉಷ್ಣತೆಯಾದ 34 ಅಥವಾ 35 ಡಿಗ್ರಿಯನ್ನು ಸಮೀಪಿಸಿತೆಂದರೆ ಆ ದಾರಿ ಮುಚ್ಚುತ್ತದೆ, ಉಳಿಯುವುದು ಬೆವರೊಂದೇ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2400 ಜೂಲುಗಳಷ್ಟು ಶಾಖವನ್ನು ಹೀರಿಕೊಂಡು ಹೋಗುತ್ತದೆ. 100 ವ್ಯಾಟಿನ ಶಾಖವನ್ನು ಸಾಗಹಾಕಲು ಗಂಟೆಗೆ 150 ಗ್ರಾಂ ಬೆವರು ಸಾಕು. ಆದರೆ ವಾಚಕರು ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಬೆವರು ಬಂದರೆ ಸಾಲದು, ಅದು ಆರಬೇಕು. ಮೈಯಿಂದ ತೊಟ್ಟಿಕ್ಕಿ ಹಾಸಿಗೆಯನ್ನು ತೋಯಿಸಿದ ಬೆವರು ಶಾಖವನ್ನೇನೂ ಒಯ್ಯುವುದಿಲ್ಲ. ನೀರನ್ನೂ ಉಪ್ಪನ್ನೂ ಮಾತ್ರ ಒಯ್ಯುತ್ತದೆ. ನನ್ನ ತಾಯಿಯವರಿಗೆ ಆದುದು ಇದೇ.

ಬೆವರು ಎಷ್ಟು ಬೇಗ ಆರುತ್ತದೆಂಬುದು ಗಾಳಿಯಲ್ಲಿ ಆಗಲೇ ಎಷ್ಟು ಆವಿ ತುಂಬಿದೆ ಎಂಬುದನ್ನು ಅವಲಂಬಿಸಿದೆ. 35 ಡಿಗ್ರಿಯ ಒದ್ದೆ ಚರ್ಮಕ್ಕೆ ತಾಗಿಕೊಂಡಿರುವ ತೆಳುವಾದ ಗಾಳಿಯ ಪದರದಲ್ಲಿ, ಘನಮೀಟರಿಗೆ ಹೇಳುವುದಾದರೆ, ಸುಮಾರು 40 ಗ್ರಾಂ ಆವಿ ಇರುತ್ತದೆ. ಏಪ್ರಿಲಿನ ಮಧ್ಯಾಹ್ನ ಕೋಲಾರದಲ್ಲಿ ಉಷ್ಣತೆ 36 ಡಿಗ್ರಿ, ಸಾಪೇಕ್ಷ ಆರ್ದ್ರತೆ ನೂರಕ್ಕೆ 25 ಎಂದಿಟ್ಟುಕೊಳ್ಳೋಣ. ಆಗ ನಮ್ಮ ಗಾಳಿಯಲ್ಲಿರುವುದು ಘನಮೀಟರಿಗೆ 10 ಗ್ರಾಂ ಆವಿ ಮಾತ್ರ. 40ರಿಂದ 10ಕ್ಕೆ ಇಳಿಜಾರು ಕಡಿದಾಗಿದೆ. ಬೆವರು ಹುಟ್ಟಿದಲ್ಲೇ ಮಾಯವಾಗುತ್ತದೆ. ಅದೇ ದಿನ ಮಂಗಳೂರಿನಲ್ಲಿ ಉಷ್ಣತೆ 33, ಆರ್ದ್ರತೆ 65 ಎಂದಾದರೆ ಗಾಳಿಯಲ್ಲಿ 23 ಗ್ರಾಂ ಆವಿ. ಇಳಿಜಾರು ಹೆಚ್ಚುಕಡಮೆ ಅರ್ಧಕ್ಕಿಳಿಯಿತು. ಇನ್ನು ರಾತ್ರಿ, ಕಿಟಕಿ ಮುಚ್ಚಿದ ಕೊಠಡಿಯಲ್ಲಿ ಮೂರು ನಾಲ್ಕು ಜನರು ಉಸಿರಾಡುತ್ತಿದ್ದರೆ ಆವಿ 26 ಗ್ರಾಮಿಗೂ ಏರಬಹುದು. ಅಲ್ಲಿಗೆ ಇಳಿಜಾರು ಅರ್ಧಕ್ಕಿಂತಲೂ ಕಡಮೆಯಾಯಿತೆಂದೇ ಹೇಳಬೇಕು. ಬಿಸಿಲಿನ ಝಳ ಬೇರೆ, ಸೆಕೆ ಬೇರೆ ಎಂದು ನಮ್ಮ ಭಾಷೆಯು ಎರಡು ಮಾತುಗಳನ್ನು ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ.

ಇದನ್ನು ಅಳೆಯುವ ಸುಲಭ ಸಾಧನವೊಂದಿದೆ. ಉಷ್ಣಮಾಪಕದ ಬುರುಡೆಗೆ ಒದ್ದೆ ಬಟ್ಟೆಯನ್ನು ಸುತ್ತಿ ಗಾಳಿ ಹಾಕಿರಿ. ನೀರು ಆರುತ್ತ ಬುರುಡೆಯನ್ನು ತಣಿಸುತ್ತದೆ. ಉಷ್ಣತೆ ಇಳಿದು ಒಂದೆಡೆ ನಿಲ್ಲುತ್ತದೆ. ಇದಕ್ಕೆ ಒದ್ದೆ ಬುರುಡೆಯ ಉಷ್ಣತೆ ಎಂದು ಹೆಸರು. ಮೇಲೆ ಹೇಳಿದ ಕೋಲಾರದ ಮಧ್ಯಾಹ್ನಕ್ಕೆ ಅದು ಸುಮಾರು 21 ಡಿಗ್ರಿ. ಮಂಗಳೂರಿನ ಮಧ್ಯಾಹ್ನಕ್ಕೆ 27ಕ್ಕೂ ಮೇಲೆ. ಒದ್ದೆ ಬುರುಡೆಯು 35 ಡಿಗ್ರಿಯನ್ನು ಮುಟ್ಟಿದರೆ ಬೆವರಿನಿಂದ ಏನೂ ಪ್ರಯೋಜನವಿಲ್ಲವೆಂಬುದು ಲೆಕ್ಕದಿಂದ ತಿಳಿಯುತ್ತದೆ. ಆರೋಗ್ಯವಂತರಾದ ತರುಣರ ದೇಹವೂ ಅದಕ್ಕಿಂತ ಬಹಳ ಮುಂಚೆಯೇ, 31 ಡಿಗ್ರಿಯ ಆಸುಪಾಸಿನಲ್ಲಿಯೇ, ಸೋಲತೊಡಗುತ್ತದೆಂದು ಇತ್ತೀಚಿನ ಪ್ರಯೋಗಗಳು ತೋರಿಸಿವೆ. ಮುದುಕರಲ್ಲಿ ಬೆವರು ಕಡಮೆ, ಬಾಯಾರಿಕೆಯ ಅರಿವೂ ಮಂದ. ಮೂತ್ರವನ್ನು ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಗಳನ್ನು ಸೇವಿಸುವವರಿಗೆ ನೀರಿನ ಕೊರತೆ ಇನ್ನೂ ಬೇಗ ತಟ್ಟುತ್ತದೆ. ಅಂಥವರು ಹೊರಡುವ ಮೊದಲು ವೈದ್ಯರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಉಷ್ಣಮಾಪಕವಿಲ್ಲದವರು ಮಡಕೆಯನ್ನು ನೋಡಬಹುದು. ನಮ್ಮ ಕಡೆ ಬೇಸಗೆಯಲ್ಲಿ ಮಡಕೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ. ಅದೇ ಮಡಕೆಯನ್ನು ಕರಾವಳಿಗೆ ಒಯ್ದರೆ ನೀರು ಹೆಸರಿಗೆ ಮಾತ್ರ ತಣ್ಣಗಿರುತ್ತದೆ. ಮಾಲೂರಿನಲ್ಲಿ ಇಟ್ಟಿಗೆ ಹೆಂಚುಗಳನ್ನು ಸುಡುವ ಮೊದಲು ಒಣಗಿಸುವವರಿಗೂ, ಸಂಡಿಗೆ ಹಪ್ಪಳ ಮಾಡುವ ನಮ್ಮ ತಾಯಂದಿರಿಗೂ ಒಣಗಾಳಿಯ ಬೆಲೆ ಚೆನ್ನಾಗಿ ಗೊತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳು ಸಮುದ್ರದಿಂದ ದೂರವಾಗಿ, 800 ಮೀಟರಿಗೂ ಎತ್ತರವಾದ ನೆಲದ ಮೇಲೆ ಕುಳಿತಿವೆ. ಬೇಸಗೆಯ ಒಣಗಾಳಿ ನಮಗೆ ಬಿಟ್ಟಿಯಾಗಿ ದೊರೆತ ತಂಪುಯಂತ್ರ. ಮುಳಬಾಗಿಲು, ಕೋಲಾರಗಳನ್ನು ಹಾದುಹೋಗುವ 75ನೆಯ ರಾಷ್ಟ್ರೀಯ ಹೆದ್ದಾರಿಯನ್ನೇ ಹಿಡಿದು ಬೆಂಗಳೂರು, ಹಾಸನ, ಶಿರಾಡಿ ಘಾಟಿಗಳನ್ನು ದಾಟಿ ಬಂಟ್ವಾಳದ ಕಡೆಗೆ ಇಳಿದೆವೆಂದರೆ ಆ ಯಂತ್ರವನ್ನು ಹಿಂದೆ ಬಿಟ್ಟು ಬಂದಂತಾಯಿತು.

ಇಲ್ಲಿ ನನ್ನ ಸಹೋದ್ಯೋಗಿ ನಡುವೆ ಬಾಯಿ ಹಾಕಿದರು. ದಡದ ಹೋಟೆಲಿನವರು ಕೊಠಡಿಗೆ ಏರ್ ಕೂಲರ್ ಇಡುತ್ತೇವೆಂದು ಹೇಳಿದ್ದರಂತೆ. ಗುಡ್ಡದ ಹೋಟೆಲಿನಲ್ಲಿ ಇರುವುದು ಎ.ಸಿ. ಎರಡೂ ಒಂದೇ ಅಲ್ಲವೆ? ಅಲ್ಲ. ಹುಲ್ಲಿನ ತಡಿಕೆಗೆ ನೀರು ಸುರಿದು ಗಾಳಿ ಊದುವ ಕೂಲರು ಮಡಕೆಯ ಅಣ್ಣ. ಕೋಲಾರದ ಏಪ್ರಿಲಿನಲ್ಲಿ ಅದು 36 ಡಿಗ್ರಿಯ ಗಾಳಿಯನ್ನು 25ರ ಸಮೀಪಕ್ಕೆ ಇಳಿಸಬಲ್ಲದು. ಮಂಗಳೂರಿನಲ್ಲಿ 33ನ್ನು 29ಕ್ಕೆ ಇಳಿಸಬಹುದು. ಆದರೆ ಅದಕ್ಕಾಗಿ ಆಗಲೇ ತೇವದಿಂದ ತುಂಬಿದ ಕೊಠಡಿಗೆ ಇನ್ನಷ್ಟು ಆವಿಯನ್ನು ತುಂಬುತ್ತದೆ. ಕಿಟಕಿ ಮುಚ್ಚಿ ಅದನ್ನು ನಡೆಸುವುದು ಉಗಿಯಲ್ಲಿ ಮಲಗಿದಂತೆಯೇ. ಎ.ಸಿ.ಯಾದರೋ ಗಾಳಿಯನ್ನು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿ, ಆವಿಯನ್ನು ನೀರಾಗಿಸಿ ಹೊರಕ್ಕೆ ಸುರಿಯುತ್ತದೆ. ಗೋಡೆಯ ಹೊರಗೆ ಕೊಳವೆಯಿಂದ ತೊಟ್ಟಿಕ್ಕುವ ನೀರನ್ನು ನೋಡಿದ್ದೀರಲ್ಲವೆ? ನಾಲ್ಕು ಮೀಟರು ಉದ್ದ, ಮೂರು ಮೀಟರು ಅಗಲ, ಮೂರು ಮೀಟರು ಎತ್ತರದ ಕೊಠಡಿಯಲ್ಲಿ 36 ಘನಮೀಟರು ಗಾಳಿ. ಘನಮೀಟರಿಗೆ 23 ಗ್ರಾಂ ಇದ್ದ ಆವಿಯನ್ನು 11ಕ್ಕೆ ಇಳಿಸಬೇಕಾದರೆ 400 ಗ್ರಾಮಿಗೂ ಹೆಚ್ಚು ನೀರನ್ನು ಹಿಂಡಿ ತೆಗೆಯಬೇಕು. ಆಮೇಲೆ ಉಸಿರಿನಿಂದಲೂ ಬಾಗಿಲಿನ ಸಂದಿನಿಂದಲೂ ಬಂದುದನ್ನು ಮತ್ತೆ ಮತ್ತೆ ತೆಗೆಯುತ್ತಿರಬೇಕು. ಎ.ಸಿ.ಗೆ ನಾವು ಕೊಡುವ ಹಣದ ಒಂದು ಪಾಲು ತಂಪಿಗಲ್ಲ, ಒಣಗಿಸುವುದಕ್ಕೆ. ಸೀಲಿಂಗ್ ಫ್ಯಾನು ಇವೆರಡರಲ್ಲಿ ಯಾವುದನ್ನೂ ಮಾಡುವುದಿಲ್ಲ. ಮೈಗೆ ಅಂಟಿದ ಆವಿಯ ಪದರವನ್ನು ಸರಿಸುವುದಷ್ಟೇ ಅದರ ಕೆಲಸ.

ಹಾಗಾದರೆ ಕಡಲಗಾಳಿ? ದಡದ ಹೋಟೆಲಿನ ಕೀರ್ತಿಯೆಲ್ಲ ಅದರ ಮೇಲೆಯೇ ನಿಂತಿದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಕಾಯಿಸಲು 4.2 ಜೂಲು ಶಾಖ ಬೇಕು. ಒಣಮರಳಿಗೆ ಸುಮಾರು 0.8 ಜೂಲು ಸಾಕು. ಇದಲ್ಲದೆ ಬಿಸಿಲು ಮರಳಿನ ಮೇಲ್ಪದರವನ್ನಷ್ಟೇ ಕಾಯಿಸುತ್ತದೆ. ನೀರಿನಲ್ಲಿ ಆಳಕ್ಕೆ ಇಳಿದು, ಅಲೆಗಳಿಂದ ಕಲಕಿ ಹಂಚಿಹೋಗುತ್ತದೆ. ಆದ್ದರಿಂದ ಹಗಲು ನೆಲ ಬೇಗ ಕಾಯುತ್ತದೆ. ಅದರ ಮೇಲಿನ ಗಾಳಿ ಹಿಗ್ಗಿ ಮೇಲೇರುತ್ತದೆ, ಒತ್ತಡ ಇಳಿಯುತ್ತದೆ, ಸಮುದ್ರದ ಮೇಲಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಬೆಳಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ದಡದಲ್ಲಿ ಆರಂಭವಾಗಿ, ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಬಲಗೊಂಡು, ಮುಸ್ಸಂಜೆಗೆ ಇಳಿಯುತ್ತದೆ. ಒಳನಾಡಿಗೆ ಅದು ತಡವಾಗಿಯೂ ಸ್ವಲ್ಪ ಬಿಸಿಯಾಗಿಯೂ ತಲಪುತ್ತದೆ. ಇಷ್ಟರಮಟ್ಟಿಗೆ ದಡದ ಹೋಟೆಲೇ ಮೇಲು.

ಆದರೆ ಹೋಟೆಲಿನ ಕೊಠಡಿಯಲ್ಲಿ ನಾವು ಇರುವುದು ಮಧ್ಯಾಹ್ನವಲ್ಲ, ರಾತ್ರಿ. ರಾತ್ರಿ ನೆಲವು ಬೇಗ ಆರುತ್ತದೆ, ಸಮುದ್ರ ಆರುವುದಿಲ್ಲ. ಏಪ್ರಿಲ್ ಮೇ ತಿಂಗಳುಗಳಲ್ಲಿ ನಮ್ಮ ಕರಾವಳಿಯ ಅರಬ್ಬೀ ಸಮುದ್ರದ ಮೇಲ್ಮೈ 29-30 ಡಿಗ್ರಿಯಲ್ಲಿರುತ್ತದೆ. ಆಗ ಗಾಳಿಯ ದಿಕ್ಕು ತಿರುಗಿ ನೆಲದಿಂದ ಸಮುದ್ರಕ್ಕೆ, ಎಂದರೆ ಪೂರ್ವದಿಂದ ಪಶ್ಚಿಮಕ್ಕೆ, ಮೆಲ್ಲನೆ ಬೀಸುತ್ತದೆ. ಈ ನೆಲಗಾಳಿ ಹಗಲಿನ ಕಡಲಗಾಳಿಗಿಂತ ಬಹಳ ದುರ್ಬಲ. ಎರಡರ ನಡುವೆ, ರಾತ್ರಿಯ ಮೊದಲ ಜಾವದಲ್ಲಿ, ಯಾವ ಗಾಳಿಯೂ ಇಲ್ಲದ ಹೊತ್ತೊಂದಿದೆ. ಎಲೆ ಅಲುಗದ ಆ ಹೊತ್ತನ್ನು ಕರಾವಳಿಯವರು ಚೆನ್ನಾಗಿ ಬಲ್ಲರು.

ಇನ್ನು ಸಮುದ್ರದ ನೋಟಕ್ಕೆಂದು ಕಟ್ಟಿದ ಕೊಠಡಿಯನ್ನು ನೆನೆದುಕೊಳ್ಳಿರಿ. ಕಿಟಕಿಯೆಲ್ಲ ಪಶ್ಚಿಮಕ್ಕೆ, ಪೂರ್ವಕ್ಕೆ ಬಾಗಿಲು, ಬಾಗಿಲಾಚೆ ಮುಚ್ಚಿದ ಓಣಿ. ರಾತ್ರಿಯ ನೆಲಗಾಳಿಗೆ ಒಳಗೆ ಬರಲು ದಾರಿಯೇ ಇಲ್ಲ. ಅದೇ ಪಶ್ಚಿಮದ ಗೋಡೆಯು ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲನ್ನು ಕುಡಿದಿರುತ್ತದೆ. ದಪ್ಪ ಗೋಡೆಯಲ್ಲಿ ಶಾಖವು ನಿಧಾನವಾಗಿ ನಡೆಯುತ್ತದೆ. ಹೊರಮೈಯಲ್ಲಿ ನಾಲ್ಕು ಗಂಟೆಗೆ ಹೊಕ್ಕದ್ದು ಒಳಮೈಗೆ ಬರುವಾಗ ನಾವು ಮಲಗುವ ಹೊತ್ತಾಗಿರುತ್ತದೆ. ಅಮ್ಮ ಮಲಗಿದ್ದ ಮಂಚ ಆ ಗೋಡೆಗೆ ಒತ್ತಿಕೊಂಡೇ ಇದ್ದಿತು. ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಬೇಕೆಂಬುದು ಆಗ ನನಗೆ ಹೊಳೆಯಲಿಲ್ಲ. ಎಂ.ಎಸ್ಸಿ. ಪದವಿಯಿಂದ ಒಮ್ಮೊಮ್ಮೆ ಇಷ್ಟೇ ಪ್ರಯೋಜನ.

ಮೇಲಿನ ಅಂತಸ್ತಿನಲ್ಲಿ ಗಾಳಿ ಹೆಚ್ಚೆಂಬುದು ನಿಜ. ಆದರೆ ಕಟ್ಟಕಡೆಯ ಅಂತಸ್ತು ಬೇಡ. ಅಲ್ಲಿ ಕಾಂಕ್ರೀಟಿನ ಚಾವಣಿಯು ದಿನವಿಡೀ ಕಾದು ಇರುಳೆಲ್ಲ ತಲೆಯ ಮೇಲೆ ಶಾಖವನ್ನು ಸೂಸುತ್ತದೆ. ಮಂಗಳೂರಿನ ಹಳೆಯ ಮನೆಗಳು ಈ ವಿಷಯದಲ್ಲಿ ಜಾಣತನದವು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹರಡಿದ ಮಂಗಳೂರು ಹೆಂಚಿನ ಮಾಡು, ಸಂದುಗಳ ಮೂಲಕ ಬಿಸಿಗಾಳಿಯನ್ನು ಹೊರಕ್ಕೆ ಬಿಡುತ್ತದೆ. ತೆಳುವಾದುದರಿಂದ ಸೂರ್ಯ ಮುಳುಗಿದೊಡನೆ ಆರುತ್ತದೆ. ಅಂಥ ಮನೆಯಲ್ಲಿ ಇಳಿದುಕೊಳ್ಳುವ ಅವಕಾಶ ದೊರೆತರೆ ಬಿಡಬಾರದೆಂದು ನನ್ನ ಅಭಿಪ್ರಾಯ.

ಗುಡ್ಡದ ಹೋಟೆಲಿನಲ್ಲಿ ಎತ್ತರದಿಂದಲೇ ತಂಪು ದೊರೆಯುತ್ತದೆಂದು ಯಾರೂ ಭ್ರಮಿಸಬಾರದು. ಗಾಳಿಯ ಉಷ್ಣತೆ ಸಾವಿರ ಮೀಟರು ಏರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಮುರಕಲ್ಲಿನ ಗುಡ್ಡಗಳ ಎತ್ತರಕ್ಕೆ ಅರ್ಧ ಡಿಗ್ರಿಯ ಲಾಭವೂ ಅನುಮಾನ. ಲಾಭವಿರುವುದು ಬಯಲಿನಲ್ಲಿ. ತೆಂಗಿನ ತೋಟಗಳ ನಡುವಣ ತಗ್ಗಿನಲ್ಲಿ ಗಾಳಿ ನಿಂತುಬಿಡುತ್ತದೆ. ಗುಡ್ಡದ ನೆತ್ತಿಗೆ ನಾಲ್ಕು ದಿಕ್ಕಿನಿಂದಲೂ ಬಾಗಿಲು ತೆರೆದಿದೆ. ಹಗಲು ಪಶ್ಚಿಮದಿಂದ, ಇರುಳು ಪೂರ್ವದಿಂದ.

ನೋಟದ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಸಾವಿರ ರೂಪಾಯಿ ಹೆಚ್ಚು ಕೊಡುವುದು ಅದಕ್ಕಾಗಿಯೇ. ಕಣ್ಣು ಸಮುದ್ರಮಟ್ಟದಿಂದ ಎಷ್ಟು ಮೀಟರು ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರುಗಳಲ್ಲಿ ಬರುತ್ತದೆ. ದಡದಲ್ಲಿ ನಾಲ್ಕು ಮೀಟರು ಎತ್ತರದ ಕಿಟಕಿಯಿಂದ ಕಾಣುವುದು 7 ಕಿಲೋಮೀಟರು. 64 ಮೀಟರು ಎತ್ತರದ ಸ್ಥಳದಿಂದ 28 ಕಿಲೋಮೀಟರಿಗೂ ಹೆಚ್ಚು. ಹಿಂದಿನವರು ದೀಪಸ್ತಂಭವನ್ನು ಗುಡ್ಡದ ಮೇಲೆ ಕಟ್ಟಿದ್ದು ಇದೇ ಲೆಕ್ಕದಿಂದ. ಮಂಗಳೂರಿನ ಲೈಟ್ ಹೌಸ್ ಹಿಲ್ ಎಂಬ ಹೆಸರು ಈಗಲೂ ಅದನ್ನು ಹೇಳುತ್ತದೆ. ಸಮುದ್ರದ ನೀಲಿಯೂ ಎತ್ತರದಿಂದಲೇ ಚೆನ್ನ. 1921ರಲ್ಲಿ ಹಡಗಿನ ಮೇಲಿಂದ ಅದನ್ನು ನೋಡಿ, ಅದು ಬರಿಯ ಆಕಾಶದ ಪ್ರತಿಬಿಂಬವಲ್ಲವೆಂದು ಸಂದೇಹಪಟ್ಟ ಸಿ. ವಿ. ರಾಮನ್ನರು ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆಂದು ತೋರಿಸಿಕೊಟ್ಟರು. ದಡದ ಕಿಟಕಿಯಿಂದ ಹೆಚ್ಚಾಗಿ ಕಾಣುವುದು ನೊರೆ. ಅಲೆಯ ಸದ್ದು ಬೇಕೆನ್ನುವವರಿಗೆ ಮಾತ್ರ ದಡವೇ ಗತಿ. ಅದು ಗುಡ್ಡಕ್ಕೆ ಕೇಳದು.

ದಡದಲ್ಲಿ ಉಪ್ಪಿನ ಕಾಟವೂ ಇದೆ. ಅಲೆ ಒಡೆದಾಗ ಹಾರುವ ತುಂತುರು ಆರಿ, ಉಪ್ಪಿನ ಕಣಗಳು ಗಾಳಿಯಲ್ಲಿ ತೇಲಿ ಎಲ್ಲದರ ಮೇಲೂ ಕೂರುತ್ತವೆ. ಆರ್ದ್ರತೆ ನೂರಕ್ಕೆ 75ನ್ನು ಮೀರಿದರೆ ಅಡಿಗೆಯ ಉಪ್ಪು ಗಾಳಿಯ ಆವಿಯನ್ನು ಹೀರಿ ತಾನಾಗಿಯೇ ಕರಗುತ್ತದೆ. ಸಮುದ್ರದಲ್ಲಿ ಅದ್ದಿದ ಟವಲು ಹಗಲು ಒಣಗಿದಂತೆ ಕಂಡು ರಾತ್ರಿ ಮತ್ತೆ ಒದ್ದೆಯಾಗುವುದು ಇದರಿಂದಲೇ. ಸಿಹಿನೀರಿನಲ್ಲಿ ಜಾಲಿಸಿ ಹರವಿದರೆ ತೊಂದರೆಯಿಲ್ಲ.

ಇಷ್ಟೆಲ್ಲವನ್ನೂ ಕೇಳಿ, ದಡದ ಹೋಟೆಲು ಎಂದೂ ಬೇಡವೆಂದು ವಾಚಕರು ತೀರ್ಮಾನಿಸಬಾರದು. ಡಿಸೆಂಬರ್ ಜನವರಿಗಳಲ್ಲಿ ಕರಾವಳಿಯ ರಾತ್ರಿಗಳು ಹಿತವಾಗಿರುತ್ತವೆ, ಪೂರ್ವದ ಗಾಳಿ ಒಣಗಿರುತ್ತದೆ. ಆಗ ದಡದಲ್ಲಿ ಉಳಿಯುವುದೇ ಚೆಂದ. ಜೂನಿನಿಂದ ಆಗಸ್ಟಿನವರೆಗೆ ಮಳೆಗಾಳಿಯು ಪಶ್ಚಿಮದ ಕಿಟಕಿಯನ್ನು ತೆರೆಯಗೊಡುವುದಿಲ್ಲ, ಕಡಲಿಗೆ ಇಳಿಯುವಂತೆಯೂ ಇಲ್ಲ. ಹೆಚ್ಚಿನ ಬಾಡಿಗೆ ದಂಡ. ಫೆಬ್ರವರಿಯ ಕೊನೆ ಮತ್ತು ಮಾರ್ಚ್ ವಿಚಿತ್ರವಾದ ಕಾಲ. ಆಗ ಪೂರ್ವದ ಗಾಳಿ ಘಟ್ಟವನ್ನು ಇಳಿಯುತ್ತ, ಸಾವಿರ ಮೀಟರಿಗೆ ಹತ್ತು ಡಿಗ್ರಿಯಂತೆ ಕಾಯುತ್ತ ಬಂದು, ಕಡಲಗಾಳಿಯನ್ನು ಮಧ್ಯಾಹ್ನದವರೆಗೂ ತಡೆದು ನಿಲ್ಲಿಸುವುದುಂಟು. ಕರಾವಳಿಯ ಅತಿ ಬಿಸಿಯಾದ ದಿನಗಳು ಅನೇಕ ವೇಳೆ ಮೇ ತಿಂಗಳಿನಲ್ಲಲ್ಲ, ಆಗಲೇ ಬರುತ್ತವೆ; 2025ರ ಫೆಬ್ರವರಿಯಲ್ಲಿಯೂ ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಹೊರಟಿತ್ತು. ಬಯಲುನಾಡಿನಲ್ಲಿ ಬಿಸಿಗಾಳಿಯೆಂದು ಸಾರಲು ಭಾರತದ ಹವಾಮಾನ ಇಲಾಖೆಯು ಕನಿಷ್ಠ 40 ಡಿಗ್ರಿಯನ್ನು ನೋಡುತ್ತದೆ. ಕರಾವಳಿಗೆ 37 ಡಿಗ್ರಿಯೇ ಸಾಕು. ಈ ಮೂರು ಡಿಗ್ರಿಯ ರಿಯಾಯಿತಿಯ ಹಿಂದೆ ಇರುವುದು ಮೇಲೆ ಹೇಳಿದ ಬೆವರಿನ ಲೆಕ್ಕವೇ.

ಸಹೋದ್ಯೋಗಿಗೆ ನಾನು ಗುಡ್ಡದ ಹೋಟೆಲನ್ನೇ ಹೇಳಿದೆನು. ಅದರಲ್ಲಿಯೂ ನಡುವಣ ಅಂತಸ್ತಿನಲ್ಲಿ, ಎರಡು ಬೇರೆ ಬೇರೆ ಗೋಡೆಗಳಿಗೆ ಕಿಟಕಿಯಿರುವ ಮೂಲೆಯ ಕೊಠಡಿ. ತಂದೆಯವರ ಮಂಚ ಪಶ್ಚಿಮದ ಗೋಡೆಗೆ ತಾಗಬಾರದು. ಕರೆಂಟು ಹೋದಾಗ ಜನರೇಟರಿನಿಂದ ಎ.ಸಿ. ನಡೆಯುತ್ತದೆಯೋ, ಬರಿಯ ದೀಪವೋ ಎಂಬುದನ್ನೂ ಕೇಳಬೇಕು. ಉಳಿದ ಸಾವಿರ ರೂಪಾಯಿಯಲ್ಲಿ ಸಂಜೆ ನಾಲ್ಕೂವರೆಗೆ ಆಟೋ ಮಾಡಿಕೊಂಡು ದಡಕ್ಕೆ ಹೋಗಿ, ಕಡಲಗಾಳಿ ಬಲವಾಗಿರುವಾಗಲೇ ಕುಳಿತು, ಸೂರ್ಯ ಮುಳುಗಿದ ಮೇಲೆ ಹಿಂದಿರುಗಬಹುದು. ಅವರು ನನ್ನೆದುರಿಗೇ ಹೋಟೆಲಿಗೆ ಫೋನ್ ಮಾಡಿ ಒಂದೊಂದಾಗಿ ವಿಚಾರಿಸಿದರು. ಆ ಕಡೆಯ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಿಟಕಿ ಎಷ್ಟು ಅಂತ ಇದುವರೆಗೆ ಯಾರೂ ಕೇಳಿಲ್ಲ ಸಾರ್, ನೋಡಿ ಹೇಳ್ತೇನೆ" ಎಂದನು.

ಮೇ ತಿಂಗಳ ಕೊನೆಯಲ್ಲಿ ಸಹೋದ್ಯೋಗಿ ಹಿಂದಿರುಗಿ ಬಂದು ಸಿಕ್ಕಿದರು. ಮಕ್ಕಳಿಗೆ ಅಲೆಯ ಸದ್ದಿಲ್ಲವೆಂದು ಸ್ವಲ್ಪ ಅಸಮಾಧಾನವಾಗಿದ್ದಿತಂತೆ. ತಂದೆಯವರು ಮೂರು ರಾತ್ರಿಯೂ ನಿದ್ದೆ ಮಾಡಿದರು. ಎರಡನೆಯ ರಾತ್ರಿ ಎದ್ದು ಹೊದಿಕೆ ಕೇಳಿದರಂತೆ.